ಹದಿಮೂರು ಸುತ್ತಿನ ಕೊಕ್ಕೆ

ಬಂಪರಿನ ಬಲಗಡೆಯ ಪುಟ್ಟ ಚೌಕ ಮುಚ್ಚಳದ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ ಸುಂದರಿಯ ಕೈ ಅಲ್ಲೇ ನಿಂತಿತು. ಗಾಡಿಯ ಬಣ್ಣ ಬೂದು ಬೆಳ್ಳಿ. ಬಂಪರಿನದೂ ಅದೇ, ಆದರೆ ಒಂದು ಎಳೆ ತಿಳಿ. ಹಳೆಯ ಸೀರೆಗೆ ಹೊಸ ಅಂಚು ಹೊಲಿದ ಹಾಗೆ, ನೋಡುವ ಕಣ್ಣಿಗೆ ಮಾತ್ರ ಗೊತ್ತಾಗುವಷ್ಟು. ಇದು ಬದಲಾಯಿಸಿದ ಬಂಪರು. ಅವಳು ಇನ್ನಷ್ಟು ಬಾಗಿ, ಕೆಸರು ಮೆತ್ತಿಕೊಂಡಿದ್ದ ನಂಬರ್ ಪ್ಲೇಟನ್ನು ಅಂಗೈಯಿಂದ ಸವರಿದಳು.

ನಾಲ್ಕು, ನಾಲ್ಕು, ಒಂದು, ಆರು.

ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಕಲ್ಯಾಣ–ಶಿಳ್ ರಸ್ತೆಯನ್ನು ಅಗಲ ಮಾಡಲು ಅಗೆದ ಗುಂಡಿಯೂ ರಸ್ತೆಯೂ ಒಂದೇ ಮಟ್ಟದ ನೀರಿನಲ್ಲಿ ಮುಳುಗಿ, ಯಾವುದು ಯಾವುದೆಂದು ತಿಳಿಯದ ಹಾಗಾಗಿತ್ತು. ಈ ಗಾಡಿಯ ಎಡಗಡೆಯ ಎರಡು ಚಕ್ರಗಳು ಗುಂಡಿಗೆ ಇಳಿದಿದ್ದವು. ಎಂಜಿನ್ನಿಗೆ ನೀರು ಹೊಕ್ಕು ಉಸಿರು ನಿಂತಿತ್ತು. ಕಾಟಯಿ ನಾಕಾದ ಹತ್ತಿರ ಚಹಾದಂಗಡಿ ಇಟ್ಟಿರುವ ಯಶ್ವಂತ, ಇಂಥದ್ದು ಕಂಡಾಗಲೆಲ್ಲ ಸುಂದರಿಗೆ ಫೋನು ಮಾಡುತ್ತಾನೆ. ಈ ಭಾನುವಾರವೂ ಮಾಡಿದ್ದ. ಡೊಂಬಿವಲಿಯ ಮನೆಯಲ್ಲಿ ನೀರುದೋಸೆಗೆ ಅಕ್ಕಿ ರುಬ್ಬುತ್ತಿದ್ದವಳು ಮಿಕ್ಸರನ್ನು ಅರ್ಧಕ್ಕೇ ನಿಲ್ಲಿಸಿ, ಸೀರೆಯ ಮೇಲೆ ಗಂಡನ ರೇನ್‌ಕೋಟು ಏರಿಸಿಕೊಂಡು, ಹಳೆಯ ಪಿಕಪ್ಪನ್ನು ತಾನೇ ಓಡಿಸಿಕೊಂಡು ಬಂದಿದ್ದಳು.

"ಕಾಯ್ ಝಾಲಾ, ವಹಿನಿ?" ಎಂದು ಯಶ್ವಂತ ದೂರದಿಂದ ಕೇಳಿದ. ಏನಾಯಿತು ಅತ್ತಿಗೆ ಎಂದು. ಅವಳ ಗಂಡ ದೇಜಪ್ಪನನ್ನು ಅಣ್ಣನೆಂದೇ ಕರೆಯುತ್ತಿದ್ದವನು, ಅವನು ತೀರಿಹೋದ ಮೇಲೂ ಇವಳಿಗೆ ಅತ್ತಿಗೆಯ ಮರ್ಯಾದೆಯನ್ನು ತಪ್ಪಿಸಿರಲಿಲ್ಲ. ಏನೂ ಇಲ್ಲವೆಂದು ಸುಂದರಿ ಕೈಯಾಡಿಸಿದಳು.

ಏನೂ ಇಲ್ಲದ್ದೇನಲ್ಲ. ಐದು ವರ್ಷದಿಂದ ಅವಳು ಹುಡುಕುತ್ತಿದ್ದುದು ಈ ನಂಬರನ್ನೇ.

ಈಗಿನ ಗಾಡಿಗಳ ಮುಖದಲ್ಲಿ ಹಗ್ಗ ಕಟ್ಟಲು ಕಣ್ಣಿಗೆ ಕಾಣುವ ಹಾಗೆ ಏನೂ ಇರುವುದಿಲ್ಲ. ಎಲ್ಲ ನುಣ್ಣಗೆ. ಬಂಪರಿನ ಒಂದು ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟಿನ ಮುಚ್ಚಳ, ಅದರ ಹಿಂದೆ ತಿರುಪಿನ ಗೆರೆಗಳಿರುವ ಒಂದು ತೂತು. ಆ ತೂತಿಗೆ ಕೂರಿಸುವ ಕಬ್ಬಿಣದ ಹುಕ್ಕು ಬೇರೆಯೇ, ಡಿಕ್ಕಿಯ ಹಲಗೆಯ ಕೆಳಗೆ ಜ್ಯಾಕು ಪಾನಾಗಳ ಚೀಲದಲ್ಲಿ ಇರುತ್ತದೆ. ಒಂದು ತುದಿಗೆ ಬಳೆಯಂಥ ಕಣ್ಣು, ಇನ್ನೊಂದು ಕಡೆ ಗೇಣುದ್ದದ ಬಾಲ. ನೂರರಲ್ಲಿ ತೊಂಬತ್ತು ಜನಕ್ಕೆ ತಮ್ಮ ಗಾಡಿಯಲ್ಲಿ ಇಂಥದ್ದೊಂದು ಉಂಟೆಂದೇ ಗೊತ್ತಿಲ್ಲ. "ಕಾಣುವುದಿಲ್ಲ ಅಂದ ಕೂಡಲೇ ಇಲ್ಲ ಅಂತ ಅಲ್ಲ ಮಾರಾಯ್ತಿ" ಎನ್ನುತ್ತಿದ್ದ ದೇಜಪ್ಪ. ಹಾಗೆಂದು ಅವಳಿಗೆ ಒಂದೊಂದು ಗಾಡಿಯ ಮುಚ್ಚಳವನ್ನೂ ಬೆರಳು ಹಿಡಿದು ತೋರಿಸಿದ್ದ.

ಅವನು ಉಲ್ಹಾಸನಗರದ ಕಡೆಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದ. ಐದು ವರ್ಷದ ಹಿಂದಿನ ಮಳೆಗಾಲದಲ್ಲಿ, ಮುಂಬ್ರಾ ಬೈಪಾಸಿನಲ್ಲಿ ಕೆಟ್ಟು ನಿಂತ ಈ ಗಾಡಿಗೆಂದು ಅವನನ್ನು ಕಳಿಸಿದರು. ಡಿಕ್ಕಿಯ ಚೀಲದಲ್ಲಿ ಜ್ಯಾಕು ಇತ್ತು, ಪಾನಾ ಇತ್ತು, ಹುಕ್ಕು ಇರಲಿಲ್ಲ. ಒಂದು ತಾಸು ಕೊಡಿ, ತರಿಸುತ್ತೇನೆ ಎಂದು ದೇಜಪ್ಪ ಫೋನು ಹಿಡಿದು ಸಿಗ್ನಲ್ ಸಿಗುವ ಕಡೆಗೆ ನಡೆದ. ಗಾಡಿಯ ಯಜಮಾನನಿಗೆ ಆಫೀಸಿನ ಅವಸರ. ದೇಜಪ್ಪ ತಿರುಗಿ ಬರುವಷ್ಟರಲ್ಲಿ ಅವನು ಹೋಗುತ್ತಿದ್ದ ಟೆಂಪೋವೊಂದನ್ನು ನಿಲ್ಲಿಸಿ, ಬಂಪರಿನ ಜಾಲರಿಯೊಳಗಿಂದ ತಾನೇ ಹಗ್ಗ ಪೋಣಿಸಿ ಎಳೆಸಿಬಿಟ್ಟಿದ್ದ. ಬಂಪರು ಹಲಸಿನ ಸೊಳೆ ಬಿಡಿಸಿದಷ್ಟು ಸಲೀಸಾಗಿ ಕಿತ್ತು ಬಂದಿತ್ತು. ಮರುದಿನ ವರ್ಕ್‌ಶಾಪಿಗೆ ಇಂಗ್ಲಿಷಿನಲ್ಲಿ ಒಂದು ಉದ್ದದ ಮೇಲ್ ಬಂತು. ನಿಮ್ಮ ಮೆಕ್ಯಾನಿಕ್ ನನ್ನ ಹುಕ್ಕು ಕದ್ದಿದ್ದಾನೆ, ಕದ್ದದ್ದು ಗೊತ್ತಾಗಬಾರದೆಂದು ಕಂಡಲ್ಲಿ ಹಗ್ಗ ಕಟ್ಟಿ ಬಂಪರು ಕಿತ್ತಿದ್ದಾನೆ ಎಂದು. ವಾರ ಕಳೆಯುವುದರೊಳಗೆ ದೇಜಪ್ಪನನ್ನು ಮನೆಗೆ ಕಳಿಸಿದರು.

ಕೆಲಸ ಹೋದದ್ದನ್ನು ಅವನು ತಡೆದುಕೊಂಡ. ಹಳೆಯ ಪಿಕಪ್ ಕೊಂಡು ಸ್ವಂತಕ್ಕೆ ಗಾಡಿ ಎಳೆಯುವ ಕೆಲಸ ಶುರುಮಾಡಿದ. ಎಲ್ಲ ಕಂಪನಿಯ ಹುಕ್ಕುಗಳನ್ನೂ ಗುಜರಿಯಿಂದ ಆರಿಸಿ ತಂದು, ಕ್ಯಾನ್ವಾಸಿನ ಉದ್ದ ಪಟ್ಟಿಗೆ ಜೇಬು ಹೊಲಿದು, ಒಂದೊಂದರ ಮೇಲೂ ಗಾಡಿಯ ಹೆಸರನ್ನು ಕನ್ನಡದಲ್ಲಿ ಬರೆದು ಸುತ್ತಿಟ್ಟ. ಆದರೆ ಹೆಸರು ಹೋದದ್ದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಡೊಂಬಿವಲಿಯ ಭಜನಾ ಮಂಡಳಿಯಲ್ಲಿ ಮಂಗಳಾರತಿ ಮುಗಿದಮೇಲೆ ಯಾರೋ ನಗುತ್ತ, "ತಾಳ ಎಣಿಸಿ ಇಡಿ ಮಾರಾಯರೇ, ದೇಜಪ್ಪಣ್ಣ ಬಂದಿದ್ದಾರೆ" ಎಂದರು. ತಮಾಷೆಗೇ ಅಂದದ್ದು. ಎಲ್ಲರ ಜೊತೆ ಅವನೂ ನಕ್ಕ. ಮತ್ತೆ ಭಜನೆಗೆ ಹೋಗಲಿಲ್ಲ.

ಕಳೆದ ವರ್ಷ ಕಾಮಾಲೆ ಬಲಿತು ಕಲ್ಯಾಣದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ಬಾಯಲ್ಲಿ ದೇವರ ಹೆಸರಿಗಿಂತ ಹೆಚ್ಚಾಗಿ ಆ ನಂಬರೇ ಬರುತ್ತಿತ್ತು. ನಾಲ್ಕು ನಾಲ್ಕು ಒಂದು ಆರು. ಡಿಕ್ಕಿ ತೆಗೆದಾಗಲೇ ಹುಕ್ಕು ಇರಲಿಲ್ಲ ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಸುಂದರಿ ಊರಿಗೆ ಹೋಗಿ ಕಲ್ಲುರ್ಟಿ ದೈವದ ಗುಡಿಯ ಎದುರು ತೆಂಗಿನಕಾಯಿ ಇಟ್ಟು ದೂರು ಹೇಳಿದಳು. ಅನ್ಯಾಯವಾದರೆ ಅವಳ ಕಡೆಯವರು ಹೋಗುವ ಕೋರ್ಟು ಅದೇ. ಮಾಡಿದವನ ಹೆಸರು ಗೊತ್ತಿರಲಿಲ್ಲ, ಹಾಗಾಗಿ ಗಾಡಿಯ ನಂಬರು ಹೇಳಿದಳು. ದೈವಕ್ಕೆ ಗಾಡಿಯ ನಂಬರು ತಿಳಿಯುತ್ತದೋ ಇಲ್ಲವೋ ಎಂದು ತಿರುಗಿ ಬರುವಾಗ ಬಸ್ಸಿನಲ್ಲಿ ಅವಳಿಗೆ ಚಿಂತೆಯಾಗಿತ್ತು.

ತಿಳಿಯುತ್ತದೆ ಎಂದು ಈಗ ಗೊತ್ತಾಯಿತು.

ಗಾಡಿಯ ಯಜಮಾನ ಐವತ್ತರ ಆಸುಪಾಸಿನವನು. ಜರಿಯಂಚಿನ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಯಶ್ವಂತನ ಅಂಗಡಿಯ ಪ್ಲಾಸ್ಟಿಕ್ ಹಾಳೆಯನ್ನು ತಲೆಗೆ ಹಿಡಿದು ನಿಂತಿದ್ದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಇದ್ದರು. ಎಪ್ಪತ್ತೈದು ದಾಟಿದ ತೆಳ್ಳನೆಯ ಹೆಂಗಸು, ಮೈಸೂರು ರೇಷ್ಮೆಯ ಸೀರೆ, ಮಡಿಲಲ್ಲಿ ಫಲತಾಂಬೂಲದ ಚೀಲ. ಡೊಂಬಿವಲಿಯಲ್ಲಿ ನೆಂಟರ ಹುಡುಗನ ಉಪನಯನಕ್ಕೆಂದು ಘಣಸೋಲಿಯಿಂದ ಹೊರಟವರು. ಅವನು ಸುಂದರಿಯೊಡನೆ ಹಿಂದಿಯಲ್ಲಿ ಮಾತಾಡಿದ. ಗಂಡಸರು ಯಾರೂ ಇಲ್ಲವೇ, ನಿಮ್ಮಿಂದ ಆಗುತ್ತದೆಯೇ ಎಂದು ಕೇಳಿದ. ಆಗುತ್ತದೆ ಎಂದು ಸುಂದರಿಯೂ ಹಿಂದಿಯಲ್ಲೇ ಹೇಳಿದಳು. ಅಷ್ಟರಲ್ಲಿ ಅವನು ಕಿಟಕಿಯ ಕಡೆಗೆ ತಿರುಗಿ ಕನ್ನಡದಲ್ಲಿ, "ಇವಳೇನು ಎಳೀತಾಳೋ ನಂಗಂತೂ ನಂಬಿಕೆ ಇಲ್ಲಮ್ಮ" ಎಂದ.

ಕನ್ನಡ ಕಿವಿಗೆ ಬಿದ್ದಾಗ ಯಾವತ್ತೂ ಸುಂದರಿಯ ಬಾಯಿ ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು. ನಿಮ್ಮದು ಯಾವ ಕಡೆ ಎಂದು ಕೇಳದೆ ಅವಳು ಬಿಟ್ಟವಳಲ್ಲ. ಈಗ ಮಾತ್ರ ತುಟಿ ಬಿಗಿಹಿಡಿದು ನಿಂತಳು.

"ಹೆಂಗಸು ಕಣೋ, ನೆನೀತಾ ಇದಾಳೆ. ಮೊದಲು ಛತ್ರಿ ಕೊಡು" ಎಂದರು ತಾಯಿ. ಮಗ ಕೊಡದಿದ್ದಾಗ ತಾವೇ ಕಿಟಕಿಯ ಗಾಜಿಳಿಸಿ, ಛತ್ರಿ ಬಿಚ್ಚಿ, ತೋಳು ಪೂರ್ತಿ ಹೊರಗೆ ಚಾಚಿ ಅವಳ ಕಡೆಗೆ ಹಿಡಿದರು. ಛತ್ರಿ ಸುಂದರಿಯ ಭುಜದವರೆಗೂ ತಲುಪಲಿಲ್ಲ. ರೇಷ್ಮೆಯ ತೋಳು ಮೊಣಕೈವರೆಗೆ ತೊಯ್ದುಹೋಯಿತು. "ಬೇಟೀ, ಭೀಗ್ ಜಾಯೇಗೀ" ಎಂದು ತಮಗೆ ಬಂದಷ್ಟು ಹಿಂದಿಯಲ್ಲಿ ಹೇಳಿ ನಕ್ಕರು.

ಸುಂದರಿ ನಗಲಿಲ್ಲ. ಡಿಕ್ಕಿ ತೆಗೆಯಿರಿ, ಹಲಗೆಯ ಕೆಳಗೆ ಚೀಲ ಇರುತ್ತದೆ, ಅದರಲ್ಲಿ ಹುಕ್ಕು ಕೊಡಿ ಎಂದು ಅವನಿಗೆ ಹೇಳಿದಳು. ಹುಕ್ಕು ಅವಳಿಗೆ ಬೇಕಿರಲಿಲ್ಲ. ದೇಜಪ್ಪನ ಪಟ್ಟಿಯಲ್ಲಿ ಇದೇ ಕಂಪನಿಯದು ಇತ್ತು. ಅವಳಿಗೆ ಬೇಕಿದ್ದದ್ದು ಉತ್ತರ.

ಅವನು ಡಿಕ್ಕಿ ತೆಗೆದು ಉಡುಗೊರೆಯ ಪೆಟ್ಟಿಗೆಯನ್ನು ಸರಿಸಿದ. ಹಲಗೆ ಎತ್ತುವ ಮೊದಲೇ, ಅದು ಇಲ್ಲ ಎಂದ. ಬಹಳ ಹಿಂದೆ ಒಬ್ಬ ಮೆಕ್ಯಾನಿಕ್ ಎತ್ತಿಕೊಂಡು ಹೋದನಂತೆ. "ಚೋರ್ ಲೋಗ್ ಹೈಂ ಸಬ್", ಎಲ್ಲ ಕಳ್ಳರೇ ಎಂದು, ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದ.

"ಯಾವುದೋ ಅದು?" ಎಂದು ತಾಯಿ ಹಿಂದಿನ ಸೀಟಿನಿಂದ ಕತ್ತು ತಿರುಗಿಸಿದರು. "ಬಳೆ ಥರದ್ದಾ? ಉದ್ದ ಬಾಲ ಇರೋದು? ಅದನ್ನ ಯಾರೋ ಕದೀತಾರೆ, ದೇವರ ಮನೇಲಿದೆಯಲ್ಲೋ. ಆಯುಧಪೂಜೆ ದಿನ ಚೀಲಾನ ನೀನೇ ತಾನೆ ಒಳಗೆ ತಂದಿಟ್ಟಿದ್ದು? ಎಲ್ಲಾ ವಾಪಸ್ ತಗೊಂಡು ಹೋದೆ. ಅದೊಂದನ್ನ ನಾನೇ ಇಟ್ಕೊಂಡೆ, ಗಣಪತಿ ಕೈಯಲ್ಲಿರೋ ಪಾಶದ ಹಾಗಿದೆ ಅಂತ. ಪೂಜೆ ಆಗಿದ್ದನ್ನ ಮತ್ತೆ ಡಿಕ್ಕಿಗೆ ಯಾಕೆ ಎಸೀಬೇಕು."

"ಗೊತ್ತಮ್ಮ, ಸುಮ್ನಿರು."

"ಗೊತ್ತಿದ್ರೆ ಕದ್ದರು ಅಂತ ಯಾಕಂತೀಯ?"

"ಆಮೇಲೆ ಮುಂದಿನ ದಸರಾಕ್ಕೆ ನೋಡಿದೆ. ಅಷ್ಟೊತ್ತಿಗೆ ಕಂಪ್ಲೇಂಟ್ ಎಲ್ಲಾ ಕೊಟ್ಟಾಗಿತ್ತು. ಈಗ ಯಾಕೆ ಆ ಪುರಾಣ?"

ಡಿಕ್ಕಿಯ ಬಾಗಿಲು ದಡ್ಡೆಂದು ಮುಚ್ಚಿತು. ಸುಂದರಿ ಅಲ್ಲೇ ಪಕ್ಕದಲ್ಲಿ, ಎರಡು ಮಾರು ದೂರದಲ್ಲಿ, ಹಿಂದಿ ಮಾತ್ರ ಬರುವ ಹೆಂಗಸಿನ ಹಾಗೆ ನಿಂತಿದ್ದಳು. ಆ ಮಳೆಗಾಲ ಮುಗಿದ ಮೇಲಿನ ದಸರಾ ಎಂದರೆ, ಆಗ ದೇಜಪ್ಪ ಬದುಕಿದ್ದ. ಅದಾದ ಮೇಲೆ ಮೂರೂವರೆ ವರ್ಷ ಬದುಕಿದ್ದ. ಒಂದು ಸಾಲು ಬರೆದು ಹಾಕಿದ್ದರೆ ಸಾಕಾಗಿತ್ತು.

ಅವಳು ಪಿಕಪ್ಪಿಗೆ ಹೋಗಿ ಕ್ಯಾನ್ವಾಸಿನ ಪಟ್ಟಿ ಬಿಚ್ಚಿದಳು. ಬೇಕಾದ ಜೇಬಿನ ಮೇಲೆ ಗಂಡನ ದುಂಡು ಅಕ್ಷರ: 'ಬಲಕ್ಕೆ ತಿರುಗಿಸು. 13 ಸುತ್ತು. ಎಣಿಸು.' ಹುಕ್ಕು ಹಿಡಿದು ಬಂದವಳು ಮೊದಲು ಹಿಂದಿನ ಬಾಗಿಲು ತೆಗೆದಳು. ಎಳೆಯುವಾಗ ಒಳಗೆ ಯಾರೂ ಕೂರಬಾರದು, ನನ್ನ ಗಾಡಿಯಲ್ಲಿ ಕೂತುಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿ ವೃದ್ಧೆಯ ಕೈ ಹಿಡಿದು ಇಳಿಸಿದಳು. ಅವರನ್ನು ಕರೆದೊಯ್ದದ್ದು ಅವರ ಮೇಲಿನ ಕನಿಕರದಿಂದಲ್ಲ. ಮುಂದೆ ಆಗಲಿರುವುದಕ್ಕೆ ಗಾಡಿಯಲ್ಲಿ ಅವನೊಬ್ಬನೇ ಸಿಗಬೇಕಿತ್ತು. ಮುದುಕಿಯ ಮೊಣಕಾಲು ಮಡಚುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆಗೆ ಐದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವರು ಛತ್ರಿಯನ್ನು ಸುಂದರಿಯ ತಲೆಯ ಮೇಲೆಯೇ ಹಿಡಿದಿದ್ದರು.

ತಿರುಗಿ ಬಂದು ಅವಳು ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಮುಚ್ಚಳದ ಅಂಚಿಗೆ ಕೊಟ್ಟಳು. ಮುಚ್ಚಳ ಟಕ್ಕೆಂದು ಎದ್ದು ದಾರದಲ್ಲಿ ನೇತಾಡಿತು. ಹುಕ್ಕಿನ ಬಾಲವನ್ನು ತೂತಿಗೆ ಕೊಟ್ಟು ಬಲಕ್ಕೆ ತಿರುಗಿಸಿದಳು. ಒಂದು. ಎರಡು. ಮೂರು.

ಅಲ್ಲಿಗೆ ನಿಲ್ಲಿಸಿದಳು.

ಮೂರು ಸುತ್ತಿನಲ್ಲಿ ನಿಂತ ಹುಕ್ಕು ನೋಡುವವರಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಹಗ್ಗ ಬಿಗಿಯುವವರೆಗೆ ಅಲ್ಲಾಡುವುದೂ ಇಲ್ಲ. ಗುಂಡಿಯೊಳಗಿನ ಗಾಡಿಯ ಭಾರ ಪೂರ್ತಿ ಬಿದ್ದ ಕ್ಷಣಕ್ಕೆ ಅದು ಗೆರೆಗಳನ್ನು ಸುಲಿದುಕೊಂಡು ಹೊರಗೆ ಹಾರುತ್ತದೆ. ಬಂಪರು ಹೋಗುತ್ತದೆ. ಅದೃಷ್ಟ ಕೆಟ್ಟಿದ್ದರೆ ಬೇರೆ ಏನಾದರೂ ಹೋಗುತ್ತದೆ. ಅದಕ್ಕೆಂದೇ ದೇಜಪ್ಪ ಹಗ್ಗದ ನಡುವಿಗೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದ, ಕಿತ್ತು ಹಾರಿದರೂ ದೂರ ಹೋಗಬಾರದೆಂದು. ಗೋಣಿಚೀಲವನ್ನು ಅವಳು ಪಿಕಪ್ಪಿನಿಂದ ಇಳಿಸಲೇ ಇಲ್ಲ. ಹಗ್ಗ ಕೊಟ್ಟಳು, ಅದನ್ನು ಹುಕ್ಕಿನ ಕಣ್ಣಿಗೆ ಹಿಡಿಸುವ ಸಂಕೋಲೆ ಸೇರಿಸಿದಳು, ಅವನನ್ನು ಒಳಗೆ ಕೂರಲು ಹೇಳಿದಳು. ಗೇರು ನ್ಯೂಟ್ರಲ್‌ಗೆ ಹಾಕಿ, ಕೀಲಿ ತಿರುಗಿಸಿ ಇಟ್ಟುಕೊಳ್ಳಿ, ಇಲ್ಲವಾದರೆ ಸ್ಟೇರಿಂಗು ಲಾಕ್ ಆಗುತ್ತದೆ, ಎಂಜಿನ್ ಚಾಲೂ ಮಾಡಬೇಡಿ. ದನಿ ಸ್ವಲ್ಪವೂ ನಡುಗಲಿಲ್ಲವೆಂದು ಅವಳಿಗೇ ಆಶ್ಚರ್ಯವಾಯಿತು.

ಪಿಕಪ್ಪಿಗೆ ಹತ್ತಿ ಮೊದಲನೇ ಗೇರು ಹಾಕಿದಳು. ಪಕ್ಕದ ಸೀಟು, ಅಂದರೆ ಅವಳಿಗೆ ಓಡಿಸಲು ಕಲಿಸುವಾಗ ದೇಜಪ್ಪ ಕೂರುತ್ತಿದ್ದ ಸೀಟು. ಅದರಲ್ಲಿ ಕೂತಿದ್ದ ವೃದ್ಧೆ ಮಡಿಲಲ್ಲಿ ಕ್ಯಾನ್ವಾಸಿನ ಪಟ್ಟಿಯನ್ನು ಇಟ್ಟುಕೊಂಡು ಜೇಬುಗಳ ಮೇಲಿನ ಅಕ್ಷರಗಳನ್ನು ಕನ್ನಡಕ ಏರಿಸಿ ಓದುತ್ತಿದ್ದರು. ಒಂದೊಂದೇ ಜೇಬಿನ ಮೇಲೆ ಬೆರಳಿಟ್ಟು, ಮಗ್ಗಿ ಹೇಳಿಕೊಡುವ ಮೇಷ್ಟರ ಹಾಗೆ.

"ಎಷ್ಟು ಚೆನ್ನಾಗಿ ಬರೆದಿದ್ದಾರೆ" ಎಂದರು ತಮಗೆ ತಾವೇ. "'ಎಣಿಸು' ಅಂತೆ. ಎಲ್ಲದರ ಮೇಲೂ 'ಎಣಿಸು' ಅಂತಲೇ ಇದೆ."

ಸುಂದರಿಯ ಕಾಲು ಕ್ಲಚ್ಚಿನ ಮೇಲೆ ಹಾಗೇ ಇತ್ತು. ಕನ್ನಡಿಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಮೂರೇ ಸುತ್ತಿನ ಹುಕ್ಕು ಕಾಣುತ್ತಿತ್ತು. ಅದು ಕಿತ್ತು ಹಾರಿದರೆ ಜನ ಸೇರುತ್ತಾರೆ. ನೋಡಿ, ಕಟ್ಟಲು ಬರುವುದಿಲ್ಲ, ಗಂಡನಿಗೂ ಬರುತ್ತಿರಲಿಲ್ಲ ಎನ್ನುತ್ತಾರೆ. ಅವನು ಮತ್ತೊಂದು ಮೇಲ್ ಬರೆಯುತ್ತಾನೆ, ಇನ್ನೂ ಉದ್ದದ್ದು. ದೇಜಪ್ಪನ ಹುಕ್ಕು ದೇಜಪ್ಪನ ಮೇಲೆಯೇ ಸಾಕ್ಷಿ ಹೇಳುತ್ತದೆ. ಬೇಡ. ಇವನಿಗೆ ಅಷ್ಟು ಸುಲಭದ್ದು ಕೊಡಬಾರದು.

ಅವಳು ಗೇರು ತೆಗೆದು, ಹ್ಯಾಂಡ್‌ಬ್ರೇಕು ಎಳೆದು ಕೆಳಗಿಳಿದಳು. ಗಾಡಿಯ ಕಿಟಕಿಯ ಹತ್ತಿರ ಹೋಗಿ ಗಾಜಿಗೆ ಬೆರಳಿನಿಂದ ತಟ್ಟಿದಳು.

"ಇಳಿಯಿರಿ" ಎಂದಳು, ಕನ್ನಡದಲ್ಲಿ. "ಹುಕ್ಕು ಮೂರೇ ಸುತ್ತು ಕೂತದ್ದು. ಇನ್ನು ಹತ್ತು ಸುತ್ತು ಉಂಟು. ಅದನ್ನು ನೀವೇ ತಿರುಗಿಸಿ."

ಅವನು ಅವಳ ಮುಖವನ್ನೇ ನೋಡಿದ. ಮೊದಲು ಕನ್ನಡ ಕೇಳಿದ ಬೆರಗು, ಆಮೇಲೆ, ಡಿಕ್ಕಿಯ ಹತ್ತಿರ ತಾನಾಡಿದ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬಂದ ಹಾಗೆ, ಮುಖದ ಬಣ್ಣ ಇಳಿಯಿತು.

"ನೀವು... ಕನ್ನಡದವರಾ?"

"ಮುಂಬ್ರಾ ಬೈಪಾಸಿನಲ್ಲಿ ನಿಮ್ಮ ಗಾಡಿಗೆ ಬಂದವರ ಹೆಸರು ದೇಜಪ್ಪ ಅಂತ. ನಾನು ಅವರ ಹೆಂಡತಿ. ಇಳಿಯಿರಿ."

ಇಳಿದ. ಜರಿಯಂಚಿನ ಪಂಚೆ ಕೆಸರು ನೀರಿನಲ್ಲಿ ಮೊಣಕಾಲೂರಿತು. ಬಂಪರಿನ ಎದುರು ಬಾಗಿ ಹುಕ್ಕಿಗೆ ಕೈ ಹಾಕಿದರೆ ಬೆರಳು ಜಾರುತ್ತಿತ್ತು. ಸುಂದರಿ ವೀಲ್ ಪಾನಾವನ್ನು ಅವನ ಕೈಗೆ ಕೊಡಲಿಲ್ಲ. ಕೊನೆಯ ಬಿಗಿಗೆ ಮಾತ್ರ ಅದು, ಅಲ್ಲಿಯವರೆಗೆ ಕೈಯಿಂದಲೇ ಆಗಬೇಕೆಂದು ನಿಂತು ನೋಡಿದಳು. ಅವನ ಉಂಗುರದ ಬೆರಳಿನ ಸಿಪ್ಪೆ ಎದ್ದಿತು. ನಾಲ್ಕು, ಐದು ಎಂದು ಅವಳು ಜೋರಾಗಿಯೇ ಎಣಿಸಿದಳು. ಚಹಾದಂಗಡಿಯ ಮುಂದೆ ನಿಂತಿದ್ದ ಜನ ಹತ್ತಿರ ಬಂದರು. ಯಶ್ವಂತ ಏನನ್ನು ಕಂಡನೋ, ಎರಡೂ ಕೈ ಅಗಲಿಸಿ ಅವರನ್ನು ಹಿಂದಕ್ಕೆ ತಳ್ಳಿ, ತಾನು ಬೆನ್ನು ತಿರುಗಿಸಿ ನಿಂತ.

ಹನ್ನೊಂದರ ಹೊತ್ತಿಗೆ ಅವನು ತಲೆಯೆತ್ತದೆ ಹೇಳಿದ. "ತಪ್ಪಾಯ್ತು. ಅವರನ್ನ ನಾನೇ ಬಂದು ನೋಡ್ತೀನಿ. ಏನು ಬೇಕೋ ಮಾಡ್ತೀನಿ."

"ಅವರು ಹೋಗಿ ವರ್ಷ ಆಯಿತು. ಹನ್ನೆರಡು."

ಹುಕ್ಕು ಕೊನೆಯವರೆಗೆ ಕೂತಿತು. ಸುಂದರಿ ಪಾನಾವನ್ನು ಹುಕ್ಕಿನ ಕಣ್ಣಿಗೆ ಅಡ್ಡ ಕೊಟ್ಟು ಅರ್ಧ ಸುತ್ತು ಬಿಗಿದಳು. ಆಮೇಲೆ ಪಿಕಪ್ಪಿನ ಕಡೆ ಕೈ ತೋರಿಸಿದಳು. "ಈಗ ಹೋಗಿ ನಿಮ್ಮ ಅಮ್ಮನಿಗೆ ಹೇಳಿ. ಹುಕ್ಕು ಯಾರು ಕದ್ದದ್ದು ಅಂತ ಬರೆದಿರಿ, ಅದರಿಂದ ಏನಾಯಿತು, ಎಲ್ಲ. ಹೇಳಿದ ಮೇಲೆ ಎಳೆಯುತ್ತೇನೆ."

"ಅಮ್ಮನ ಹತ್ತಿರ ಬೇಡ. ದಯವಿಟ್ಟು." ಅವನ ದನಿ ಆಗ ಮೊದಲ ಸಲ ಒಡೆಯಿತು. "ಅವರಿಗೆ ವಯಸ್ಸಾಗಿದೆ. ಬೇರೆ ಏನು ಬೇಕಾದ್ರೂ ಹೇಳಿ."

ಇಷ್ಟೇ ಬೇಕಿತ್ತು ಎಂದು ಸುಂದರಿಗೆ ಅನ್ನಿಸಿತು. ಇಷ್ಟು ಹೊತ್ತು ಬಂಪರಿನಲ್ಲಿ ಹುಡುಕುತ್ತಿದ್ದ, ಇವನಿಗೆ ನೋಯುವ ಜಾಗ ಇಲ್ಲಿತ್ತು. ಅವಳು ಹಗ್ಗದ ಸಂಕೋಲೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಅವನು ಅದನ್ನು ನೋಡಿದ, ಸುರಿಯುವ ಮಳೆಯನ್ನು ನೋಡಿದ, ಪಿಕಪ್ಪಿನ ಕಡೆ ನಡೆದ.

ಏನು ಹೇಳಿದನೋ ಅವಳಿಗೆ ಕೇಳಿಸಲಿಲ್ಲ. ಕಿಟಕಿಗೆ ಬಾಗಿದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಕಿಟಕಿಯಿಂದ ಛತ್ರಿ ಹೊರಗೆ ಬಂದು ಅವನ ತಲೆಯ ಮೇಲೆ ನಿಂತಿತು. ತಾಯಿಯ ಕೈ. ಸ್ವಲ್ಪ ಹೊತ್ತಾದ ಮೇಲೆ ಛತ್ರಿ ಮೆಲ್ಲಗೆ ಒಳಗೆ ಹೋಯಿತು.

ಸಂಕೋಲೆಯನ್ನು ಮತ್ತೆ ಸೇರಿಸಿ, ಗೋಣಿಚೀಲವನ್ನು ನೆನೆಸಿ ಹಗ್ಗದ ಮೇಲೆ ಹೊದಿಸಿ, ಸುಂದರಿ ಗಾಡಿಯನ್ನು ಗುಂಡಿಯಿಂದ ಎಳೆದಳು. ಹಗ್ಗದ ಸಡಿಲು ತೀರುವವರೆಗೆ ಅಂಗುಲ ಅಂಗುಲವಾಗಿ, ಆಮೇಲೆ ಒಂದೇ ಹದದಲ್ಲಿ, ಅಡ್ಡಕ್ಕೆ ಸ್ವಲ್ಪವೂ ಸೆಳೆಯದೆ. ದೇಜಪ್ಪ ನೋಡಿದ್ದರೂ ಕೊರತೆ ಹೇಳುವ ಹಾಗಿರಲಿಲ್ಲ. ಗಾಡಿ ಮೇಲೆ ಬಂದು ರಸ್ತೆಯಲ್ಲಿ ನಿಂತಾಗ ಯಶ್ವಂತನ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಎಂಜಿನ್ ಮಾತ್ರ ಚಾಲೂ ಮಾಡುವ ಹಾಗಿರಲಿಲ್ಲ. ಉಪನಯನಕ್ಕೆ ಹೋಗುವುದಿಲ್ಲ, ಮನೆಗೆ ಎಂದು ವೃದ್ಧೆಯೇ ಹೇಳಿದರು. ಹಿಂದಿನ ಗಾಡಿಯಲ್ಲಿ ಮಗ, ಪಿಕಪ್ಪಿನಲ್ಲಿ ಅವರು, ನಡುವೆ ಹಗ್ಗ. ಹೀಗೆ ಶಿಳ್ಫಾಟಾ ದಾಟಿ ಮಹಾಪೆಯ ಕಡೆಯಿಂದ ಘಣಸೋಲಿಗೆ ಹೊರಟರು, ನಡೆಯುವವರಿಗಿಂತ ಸ್ವಲ್ಪವೇ ವೇಗವಾಗಿ.

ಪಿಕಪ್ಪಿನ ಗಾಜು ಒಳಗಿನಿಂದ ಮಬ್ಬು ಹಿಡಿಯುತ್ತಿತ್ತು. ವೃದ್ಧೆ ಮುಂದಕ್ಕೆ ಬಾಗಿ, ರೇಷ್ಮೆಯ ಸೆರಗಿನಿಂದ ಸುಂದರಿಯ ಕಡೆಯ ಗಾಜನ್ನು ಒರೆಸಿದರು. ಮತ್ತೆ ಮಬ್ಬು ಹಿಡಿಯಿತು, ಮತ್ತೆ ಒರೆಸಿದರು. ದಾರಿಯುದ್ದಕ್ಕೂ ಒರೆಸುತ್ತಲೇ ಇದ್ದರು.

"ಹೆಸರೇನು ತಾಯಿ, ನಿಮ್ಮ ಯಜಮಾನರದ್ದು?"

"ದೇಜಪ್ಪ."

"ದೇಜಪ್ಪ" ಎಂದು ಅವರು ಒಮ್ಮೆ ಹೇಳಿಕೊಂಡರು. "ನಾನು ಶಾಂತಮ್ಮ." ಸ್ವಲ್ಪ ತಡೆದು ಹೇಳಿದರು. "ಪ್ರತಿ ಶುಕ್ರವಾರ ಅದಕ್ಕೆ ಕುಂಕುಮ ಇಟ್ಟು ಹೂವು ಏರಿಸ್ತಿದ್ದೆ ಕಣಮ್ಮ. ಗಾಡೀನ ಕಾಯುತ್ತೆ ಅಂತ."

ನಿಮ್ಮ ತಪ್ಪೇನೂ ಇಲ್ಲ ಅಮ್ಮಾ ಎಂಬ ಮಾತು ಸುಂದರಿಯ ನಾಲಿಗೆಯ ತುದಿಗೆ ಬಂತು. ಅದು ಸತ್ಯವೂ ಆಗಿತ್ತು. ಆದರೂ ಅದನ್ನು ನುಂಗಿಕೊಂಡಳು. ಐದು ವರ್ಷ ಹೊತ್ತದ್ದನ್ನು ಅಷ್ಟು ಬೇಗ ಯಾರ ತಲೆಯಿಂದಲೂ ಇಳಿಸಿಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಘಣಸೋಲಿಯ ಕಟ್ಟಡದ ಗೇಟಿನೊಳಗೆ ಗಾಡಿ ನಿಲ್ಲಿಸಿ ಸುಂದರಿ ಹಗ್ಗ ಬಿಚ್ಚುವಷ್ಟರಲ್ಲಿ ಶಾಂತಮ್ಮ ಒಬ್ಬರೇ ಮೇಲೆ ಹೋದರು. ಮಗ ಜೊತೆಗೆ ಬರಲು ನೋಡಿದಾಗ ಕೈಯೆತ್ತಿ ತಡೆದಿದ್ದರು. ಅವನು ಮಾಡಿನ ಕೆಳಗೆ ನಿಂತು ಫೋನಿನಲ್ಲಿ ಏನನ್ನೋ ಬರೆದು ಸುಂದರಿಯ ಎದುರು ಹಿಡಿದ. ವರ್ಕ್‌ಶಾಪಿಗೆ ಬರೆದದ್ದು, ನೋಡಿ, ಕಳಿಸುತ್ತೇನೆ ಎಂದ. ಇಂಗ್ಲಿಷು. ಅವಳು ಊರಿನಲ್ಲಿ ಎಂಟನೆಯವರೆಗೆ ಓದಿದವಳು. ದೇಜಪ್ಪನ ಹೆಸರು ಮಾತ್ರ ಗುರುತಿಗೆ ಸಿಕ್ಕಿತು. ಅಷ್ಟರಲ್ಲಿ ಲಿಫ್ಟಿನಿಂದ ಇಳಿದು ಬಂದ ಶಾಂತಮ್ಮ ಫೋನನ್ನು ತಮ್ಮ ಕೈಗೆ ತೆಗೆದುಕೊಂಡರು. ಕನ್ನಡಕವನ್ನು ಸೆರಗಿನಿಂದ ಒರೆಸಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಮೂವತ್ತು ವರ್ಷ ಮೈಸೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟ ಓದು.

"ಮೂರ್ತಿ" ಎಂದರು. "'ಮಿಸ್ಟೇಕ್ ಆಗಿತ್ತು' ಅಂತ ಬರೆದಿದ್ದೀಯ."

"ಹೂಂ ಅಮ್ಮ."

"ಆಮೇಲೆ ಗೊತ್ತಾಗಿಯೂ ಸುಮ್ಮನಿದ್ದೆಯಲ್ಲ. ಅದಕ್ಕೆ ಮಿಸ್ಟೇಕ್ ಅನ್ನಲ್ಲ. ಸುಳ್ಳು ಹೇಳಿದೆ ಅಂತ ಬರಿ. ಹುಕ್ಕು ನಮ್ಮನೇಲೇ ಇತ್ತು ಅಂತ ಬರಿ. ಬಂಪರಿಗೆ ಹಗ್ಗ ಕಟ್ಟಿದ್ದು ನಾನೇ ಅಂತಲೂ ಬರಿ. ಆಮೇಲೆ ಕಳಿಸು. ಇವರ ನಂಬರು ಕೇಳಿ ಅದಕ್ಕೂ ಒಂದು ಕಳಿಸು."

ಅವನು ಅಲ್ಲೇ ನಿಂತು ಅಳಿಸಿ ಬರೆದ. ಸಿಪ್ಪೆ ಎದ್ದ ಬೆರಳು ಫೋನಿನ ಗಾಜಿನ ಮೇಲೆ ಕೆಂಪು ಗುರುತು ಮಾಡುತ್ತಿತ್ತು. ತಾಯಿ ಮತ್ತೊಮ್ಮೆ ಓದಿ ಹೂಂ ಎಂದ ಮೇಲೆಯೇ ಕಳಿಸಿದ. ಸುಂದರಿಯ ರೇನ್‌ಕೋಟಿನ ಜೇಬಿನಲ್ಲಿ ಫೋನು ಒಮ್ಮೆ ನಡುಗಿತು.

ಶಾಂತಮ್ಮ ಇನ್ನೊಂದು ಕೈಯಲ್ಲಿ ಮಡಿಸಿದ ಬಿಳಿಯ ಬಟ್ಟೆ ಹಿಡಿದಿದ್ದರು. ಬಿಚ್ಚಿ ತೋರಿಸಿದರು. ಹುಕ್ಕು. ಐದಾರು ವರ್ಷದ ಕುಂಕುಮ ಗೆರೆಗಳ ನಡುವೆ ಮೆತ್ತಿ ಗಟ್ಟಿಯಾಗಿತ್ತು, ಬಳೆಯ ಒಳಗೆ ಮೊನ್ನೆ ಶುಕ್ರವಾರದ ಸೇವಂತಿಗೆಯ ಎಸಳು ಬಾಡಿ ಅಂಟಿತ್ತು. "ಇದನ್ನಿನ್ನು ನಮ್ಮ ದೇವರ ಮುಂದೆ ಇಡೋಕೆ ನಂಗಾಗಲ್ಲ" ಎಂದರು. "ನೀನು ತಗೊಂಡು ಹೋಗು."

ಸುಂದರಿ ಎರಡೂ ಕೈ ಚಾಚಿ ತೆಗೆದುಕೊಂಡಳು. ಪಿಕಪ್ಪಿಗೆ ಹತ್ತಿ ಹುಕ್ಕನ್ನು ಪಕ್ಕದ ಸೀಟಿನ ಮೇಲೆ, ಬಟ್ಟೆಯ ಸಮೇತ, ಉರುಳದ ಹಾಗೆ ಇಟ್ಟಳು. ಗಾಡಿ ತಿರುಗಿಸಿ ಗೇಟು ದಾಟುವಾಗ ಕನ್ನಡಿ ನೋಡಿದಳು. ವಾಚ್‌ಮನ್ ಕೋಣೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಶಾಂತಮ್ಮ ಕೂತುಬಿಟ್ಟಿದ್ದರು, ಸುರಿಯುವ ಮಳೆಯಲ್ಲೇ. ಮಗ ಛತ್ರಿ ಬಿಚ್ಚಿಕೊಂಡು ಓಡಿ ಬಂದು ಅವರ ತಲೆಯ ಮೇಲೆ ಹಿಡಿದ. ಅವರು ಅವನ ಕಡೆ ನೋಡಲಿಲ್ಲ. ಬೆಂಚಿನ ಮೇಲೆ ಒಂದು ಮೊಳ ಆಚೆಗೆ ಸರಿದು ಕೂತರು. ಅವನು ಹಿಡಿದ ಛತ್ರಿ ಖಾಲಿ ಕಲ್ಲಿನ ಮೇಲೆ ಹಾಗೇ ನಿಂತಿತ್ತು.